ಇಂಗ್ಲಿಷಿನ ಸ್ಲ್ಯಾಂಗ್ ಅರ್ಥಮಾಡಿಕೊಳ್ಳುವುದು: ಕೋಲಾರದ ಕಲಿಕಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲೋ ಬೆಂಗಳೂರಿನ ಕಚೇರಿಗಳಲ್ಲೋ ದುಡಿಯುತ್ತಿರುವವರು, ವಿದೇಶಕ್ಕೆ ಓದಲು ಹೊರಟವರು, ವಿದೇಶದಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳ ಮಾತು ಹಿಡಿಯಲಾಗದ ಹಿರಿಯರು ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಉತ್ತರಸಹಿತ ಕೊಡಲಾಗಿದೆ. ವ್ಯಾಕರಣವನ್ನು ಬೇಕೆಂದೇ ಬಿಟ್ಟಿದ್ದೇವೆ. ಅದಕ್ಕೆ ಪುಸ್ತಕಗಳು ಬೇಕಾದಷ್ಟಿವೆ.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ಬಂದಿತ್ತು, ಇಂಗ್ಲಿಷ್ ಪತ್ರಿಕೆಯನ್ನೂ ಓದುತ್ತೇನೆ. ಆದರೂ ಸಹೋದ್ಯೋಗಿಗಳ ಹರಟೆ ಏಕೆ ತಲೆಗೆ ಹತ್ತುವುದಿಲ್ಲ?

ಪರೀಕ್ಷೆ ಅಳೆದದ್ದು ನಿಮ್ಮ ಓದು ಬರಹವನ್ನು, ಕಿವಿಯನ್ನಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದನೇ ತರಗತಿಯಿಂದ ಕಲಿಸಲು ಆರಂಭಿಸಿದ್ದು 2007ರಲ್ಲಿ. ಅದಕ್ಕೂ ಮುಂಚೆ ಓದಿದವರಲ್ಲಿ ಬಹಳ ಮಂದಿ ಐದನೇ ತರಗತಿಯಲ್ಲಿ ಎ, ಬಿ, ಸಿ, ಡಿ ತಿದ್ದಿದವರು. ಅಲ್ಲಿಂದಾಚೆಗೂ ಇಂಗ್ಲಿಷ್ ಪಾಠವನ್ನು ಮೇಷ್ಟರು ಕನ್ನಡದಲ್ಲಿ, ಗಡಿಭಾಗದ ಊರುಗಳಲ್ಲಿ ಅರ್ಧ ತೆಲುಗಿನಲ್ಲಿ ವಿವರಿಸಿ, ಪ್ರಶ್ನೋತ್ತರ ಬರೆಸಿ ಮುಗಿಸುತ್ತಿದ್ದರು. ಹೀಗಾಗಿ ವೇಗವಾಗಿ ಆಡಿದ ಇಂಗ್ಲಿಷ್ ನಮ್ಮ ಕಿವಿಗೆ ಬೀಳುವುದು ಮೊದಲ ಕೆಲಸ ಸಿಕ್ಕ ಮೇಲೆಯೇ.

ಇದರಲ್ಲಿ ಎರಡು ತೊಡಕುಗಳು ಬೆರೆತಿವೆ, ಅವನ್ನು ಬಿಡಿಸಿ ನೋಡಬೇಕು. ಮೊದಲನೆಯದು ಉಚ್ಚಾರಣೆಯದು. ‘ಗೋಯಿಂಗ್ ಟು’ ಎಂಬುದು ‘ಗಾನಾ’ ಆಗುತ್ತದೆ, ‘ವಾಂಟ್ ಟು’ ಎಂಬುದು ‘ವಾನಾ’, ‘ಗಾಟ್ ಟು’ ಎಂಬುದು ‘ಗಾಟಾ’. ಇವು ಸ್ಲ್ಯಾಂಗ್ ಅಲ್ಲ. ‘ಏನು ಮಾಡುತ್ತಿದ್ದೀಯೆ’ ಎಂದು ಬರೆಯುವ ನಾವೇ ‘ಏನ್ಮಾಡ್ತಿದೀಯ’ ಎಂದು ಆಡುವ ಹಾಗೆ, ಕಲಿತವರೂ ದೊಡ್ಡ ಹುದ್ದೆಯವರೂ ಹೀಗೆಯೇ ಮಾತನಾಡುತ್ತಾರೆ. ಎರಡನೆಯ ತೊಡಕು ಮಾತ್ರ ನಿಜವಾದ ಸ್ಲ್ಯಾಂಗಿನದು. ತಮಗೆ ಸ್ಲ್ಯಾಂಗ್ ಬರುವುದಿಲ್ಲ ಎಂದು ತರಗತಿಗೆ ಬರುವ ಹೆಚ್ಚಿನವರಿಗೆ ಇರುವುದು ಮೊದಲನೆಯ ತೊಡಕೇ ಎಂಬುದು ನಮ್ಮ ಅನುಭವ. ಕೇಳಿದ್ದನ್ನು ಬರೆದು ತೋರಿಸಿದಾಗ ಅರ್ಥವಾದರೆ ಅದು ಕಿವಿಯ ಸಮಸ್ಯೆ. ಬರೆದು ತೋರಿಸಿದರೂ ಅರ್ಥವಾಗದಿದ್ದರೆ ಪದದ ಸಮಸ್ಯೆ.

ಹಾಗಾದರೆ ಸ್ಲ್ಯಾಂಗ್ ಎಂದರೆ ಯಾವುದು? ನುಡಿಗಟ್ಟೂ ಅದೂ ಒಂದೇ ಅಲ್ಲವೇ?

ಅಲ್ಲ. ‘ಕಿವಿ ಮೇಲೆ ಹೂವಿಡುವುದು’ ಎಂಬುದು ನುಡಿಗಟ್ಟು. ಅದನ್ನು ಅಜ್ಜಿಯೂ ಆಡುತ್ತಾರೆ, ಸಂಪಾದಕೀಯದಲ್ಲೂ ಬರೆಯುತ್ತಾರೆ. ‘ಓಳು ಬಿಡಬೇಡ’, ‘ಸುಮ್ನೆ ಡವ್ ಮಾಡ್ಬೇಡ ಮಗಾ’ ಎಂಬುದು ಸ್ಲ್ಯಾಂಗ್. ಕಾಲೇಜಿನ ಗೇಟಿನ ಬಳಿ ಸಲ್ಲುತ್ತದೆ, ಪ್ರಾಂಶುಪಾಲರ ಕೊಠಡಿಯಲ್ಲಿ ಸಲ್ಲುವುದಿಲ್ಲ. ಒಂದು ಗುಂಪಿನವರು ತಮ್ಮೊಳಗೆ ಆಡಿಕೊಳ್ಳುವ, ತಾವು ಆ ಗುಂಪಿನವರೆಂದು ಆಡುತ್ತಲೇ ತೋರಿಸಿಕೊಳ್ಳುವ ಮಾತು ಅದು. ಹೊರಗಿನವರಿಗೆ ಅರ್ಥವಾಗದಿರುವುದು ಅದರ ದೋಷವಲ್ಲ, ಎಷ್ಟೋ ಸಲ ಉದ್ದೇಶವೇ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಬೆಳೆದ ಪ್ರಾಸದ ಸ್ಲ್ಯಾಂಗನ್ನೇ ನೋಡಿ: ‘ಹೆಡ್’ ಎನ್ನಲು ಅದಕ್ಕೆ ಪ್ರಾಸವಾಗುವ ‘ಲೋಫ್ ಆಫ್ ಬ್ರೆಡ್’ ಎಂದು, ಆಮೇಲೆ ಪ್ರಾಸದ ಪದವನ್ನೇ ನುಂಗಿ ಬರಿಯ ‘ಲೋಫ್’ ಎಂದು ಹೇಳುತ್ತಿದ್ದರು. ‘ಯೂಸ್ ಯುವರ್ ಲೋಫ್’ ಎಂದರೆ ತಲೆ ಓಡಿಸು ಎಂದರ್ಥ. ಇದನ್ನು ವ್ಯಾಕರಣದಿಂದ ಯಾರೂ ಬಿಡಿಸಲಾರರು. ಮನೆಯಲ್ಲಿ ಇಂಗ್ಲಿಷನ್ನೇ ಆಡುವ ಅಮೆರಿಕದವರಿಗೂ ಇದು ತಿಳಿಯದಿರಬಹುದು.

‘ಕಾಲ್ ಆಫ್’ ಎಂದರೆ ರದ್ದು, ‘ಪುಟ್ ಆಫ್’ ಎಂದರೆ ಮುಂದೂಡಿಕೆ ಎಂಬಂಥ ಜೋಡಿಪದಗಳು ಸ್ಲ್ಯಾಂಗಿನ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಮೊದಲು ಕಲಿಯಿರಿ, ಏಕೆಂದರೆ ಅವು ಎಲ್ಲ ಕಡೆಯೂ ಬೇಕು.

ಪದಗಳೆಲ್ಲ ಗೊತ್ತಿರುತ್ತವೆ, ವಾಕ್ಯವೂ ಸಣ್ಣದೇ. ಆದರೂ ಅರ್ಥ ಉಲ್ಟಾ ಹೊಡೆಯುತ್ತದೆ. ಏಕೆ?

ನಿಜವಾಗಿ ತೊಂದರೆ ಕೊಡುವುದು ಗೊತ್ತಿಲ್ಲದ ಪದವಲ್ಲ, ಗೊತ್ತಿದೆ ಎಂದುಕೊಂಡ ಪದ. ಗೊತ್ತಿಲ್ಲದ ಪದ ಬಂದಾಗ ನಾವು ನಿಂತು ಕೇಳುತ್ತೇವೆ. ಗೊತ್ತಿರುವ ಪದ ಬಂದಾಗ ಕೇಳುವ ಯೋಚನೆಯೇ ಬರುವುದಿಲ್ಲ.

ನರಸಾಪುರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರಿಶೀಲನೆಯ ಕೆಲಸದಲ್ಲಿರುವ ಹುಡುಗನೊಬ್ಬ ಹೇಳಿದ ಪ್ರಸಂಗ ಇದು. ವಿದೇಶದ ಗ್ರಾಹಕರೊಂದಿಗೆ ನಡೆದ ವಿಡಿಯೊ ಸಭೆಯಲ್ಲಿ ಅವನು, ಇನ್ನೊಂದು ಬ್ಯಾಚಿನ ತಪಾಸಣಾ ವರದಿಯನ್ನೂ ಕಳಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಆ ಕಡೆಯಿಂದ ‘ನೋ, ವಿ ಆರ್ ಗುಡ್’ ಎಂಬ ಉತ್ತರ ಬಂತು. ‘ಗುಡ್’ ಎಂಬುದು ಮೆಚ್ಚುಗೆಯೆಂದು ತಿಳಿದು, ಅವನು ಮಧ್ಯಾಹ್ನದ ಊಟವನ್ನೂ ಬಿಟ್ಟು ವರದಿ ಸಿದ್ಧಪಡಿಸಿ ಕಳಿಸಿದ. ಅವರು ಹೇಳಿದ್ದು, ಇಷ್ಟು ಸಾಕು, ಇನ್ನು ಬೇಡ ಎಂದು. ಕಾಫಿ ಬೇಕೇ ಎಂದು ಕೇಳಿದಾಗ ‘ಐ ಆಮ್ ಗುಡ್’ ಎಂದರೂ ಅದೇ ಅರ್ಥ: ಬೇಡ, ಪರವಾಗಿಲ್ಲ. ಅಂಥ ಅತಿಥಿಯ ಮುಂದೆ ಲೋಟ ತಂದಿಡುವುದು ನಮ್ಮ ಕಡೆಯ ಆತಿಥ್ಯಕ್ಕೆ ಸರಿಯೇ ಇರಬಹುದು, ಆದರೆ ಅವರು ಬೇಡವೆಂದದ್ದಂತೂ ನಿಜ.

ಇಂಥವು ಇನ್ನೂ ಇವೆ. ‘ವಾಟ್ಸ್ ಅಪ್’ ಎಂಬುದು ಬಹುಪಾಲು ಪ್ರಶ್ನೆಯೇ ಅಲ್ಲ, ‘ಊಟ ಆಯ್ತಾ’ ಎಂದು ನಾವು ಕೇಳುವಂತೆ ಎದುರಾದಾಗಿನ ಮಾತು. ಅದಕ್ಕೆ ಮನೆಯ ಕಷ್ಟಸುಖ ಹೇಳುತ್ತಾ ಕೂರಬೇಕಿಲ್ಲ. ಗೆಳತಿಯೊಬ್ಬಳು ಮದುವೆಯ ಸುದ್ದಿ ಹೇಳಿದಾಗ ಇನ್ನೊಬ್ಬಳು ಕಣ್ಣರಳಿಸಿ ‘ಶಟ್ ಅಪ್’ ಎಂದರೆ, ಬಾಯಿ ಮುಚ್ಚು ಎಂದಲ್ಲ, ಹೌದೇನೇ, ನಿಜವಾಗ್ಲೂನಾ ಎಂದು. ಬ್ರಿಟನ್ನಿನ ಮೇಲಧಿಕಾರಿ ನಿಮ್ಮ ಕೆಲಸ ನೋಡಿ ‘ನಾಟ್ ಬ್ಯಾಡ್’ ಎಂದರೆ ಅದು ಬಹುಪಾಲು ಹೊಗಳಿಕೆ. ‘ಯೂ ಮೈಟ್ ವಾಂಟ್ ಟು ಚೆಕ್ ದಿಸ್’ ಎಂದರೆ ನಿಮ್ಮ ಇಷ್ಟ ಎಂದಲ್ಲ, ನೋಡಿ ಸರಿಪಡಿಸಿ ಎಂಬ ಆದೇಶ. ಕೊನೆಯ ಎರಡು ಸ್ಲ್ಯಾಂಗ್ ಅಲ್ಲ, ಮರ್ಯಾದೆಯ ಮಾತಿನ ರೀತಿ. ಆದರೆ ಎಡವಿಸುವುದು ಅದೇ ಜಾಗದಲ್ಲಿ.

ಅಮೆರಿಕದಲ್ಲಿರುವ ಮೊಮ್ಮಗಳು ಏನು ಕೊಟ್ಟರೂ ‘ಸಿಕ್’ ಎನ್ನುತ್ತಾಳೆ. ಮಗುವಿಗೆ ಮೈ ಸರಿಯಿಲ್ಲವೇ?

ಚೆನ್ನಾಗಿದ್ದಾಳೆ. ಶ್ರೀನಿವಾಸಪುರದ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆ ಇದು; ಅವರು ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿಯನ್ನು ತಿಂದು ಆ ಹುಡುಗಿ ‘ಅಜ್ಜಿ, ದಿಸ್ ಈಸ್ ಸಿಕ್’ ಎಂದಿದ್ದಳು. ಈಗಿನ ಹುಡುಗರ ಮಾತಿನಲ್ಲಿ ಅದರರ್ಥ ಸಕ್ಕತ್ತಾಗಿದೆ ಎಂದು. ಕೆಟ್ಟದ್ದನ್ನು ಹೇಳುವ ಪದವನ್ನು ಮೆಚ್ಚುಗೆಗೆ ತಿರುಗಿಸುವುದು ಹುಡುಗರ ಭಾಷೆಯಲ್ಲಿ ಎಲ್ಲೆಡೆ ನಡೆಯುತ್ತದೆ, ನಮ್ಮಲ್ಲೂ ‘ಭಯಂಕರ ಚೆನ್ನಾಗಿದೆ’ ಎನ್ನುವವರಿದ್ದಾರೆ. ಮುಖ ನೋಡಿದರೆ ತಿಳಿಯುತ್ತದೆ: ಎರಡನೆಯ ತುತ್ತಿಗೆ ಕೈಹಾಕಿದ್ದರೆ ಹೊಗಳಿಕೆ.

ಬ್ರಿಟಿಷ್ ಸ್ಲ್ಯಾಂಗ್ ಕಲಿತರೆ ಅಮೆರಿಕದಲ್ಲೂ ನಡೆಯುತ್ತದೆಯೇ?

ಕೆಲವು ನಡೆಯುತ್ತವೆ, ಕೆಲವು ಮಾನ ಕಳೆಯುತ್ತವೆ. ನಮ್ಮ ಶಾಲೆಗಳಿಗೆ ಬಂದದ್ದು ಬ್ರಿಟಿಷ್ ಇಂಗ್ಲಿಷ್, ಅದಕ್ಕೇ ಪೆನ್ಸಿಲ್ ಅಳಿಸುವುದನ್ನು ರಬ್ಬರ್ ಎನ್ನುತ್ತೇವೆ. ಅಮೆರಿಕದ ತರಗತಿಯಲ್ಲಿ ಪಕ್ಕದವರನ್ನು ರಬ್ಬರ್ ಕೇಳಿದರೆ ಸುತ್ತಲಿನವರು ನಗುತ್ತಾರೆ, ಅಲ್ಲಿ ಆಡುಮಾತಿನಲ್ಲಿ ಅದು ಕಾಂಡೋಮಿನ ಹೆಸರು. ‘ಇರೇಸರ್’ ಎಂದು ಕೇಳಬೇಕು. ‘ಪಿಸ್ಡ್’ ಎಂದರೆ ಬ್ರಿಟನ್ನಿನಲ್ಲಿ ಕುಡಿದು ಅಮಲೇರಿದವನು, ಅಮೆರಿಕದಲ್ಲಿ ಸಿಟ್ಟಿಗೆದ್ದವನು. ಎರಡೂ ಕಡೆ ಒರಟು ಮಾತೇ, ಕಚೇರಿಯಲ್ಲಿ ಬೇಡ. ‘ಪ್ಯಾಂಟ್ಸ್’ ಎಂದರೆ ಅಮೆರಿಕದವರಿಗೆ ನಮ್ಮಂತೆಯೇ ಪ್ಯಾಂಟು, ಬ್ರಿಟನ್ನಿನವರಿಗೆ ಒಳಚಡ್ಡಿ, ಮತ್ತೆ ಅವರ ಸ್ಲ್ಯಾಂಗಿನಲ್ಲಿ ಕೆಲಸಕ್ಕೆ ಬಾರದ್ದು ಎಂದೂ ಅರ್ಥ.

ಉದ್ಯೋಗದಲ್ಲಿರುವವರಿಗೆ ಇದಕ್ಕಿಂತ ಮುಖ್ಯವಾದದ್ದು ‘ಟೇಬಲ್’ ಎಂಬ ಕ್ರಿಯಾಪದ. ಇದು ಸ್ಲ್ಯಾಂಗ್ ಅಲ್ಲವಾದರೂ ಇಲ್ಲಿ ಹೇಳದೆ ಬಿಡುವಂತಿಲ್ಲ. ಸಭೆಯಲ್ಲಿ ಒಂದು ವಿಷಯವನ್ನು ಟೇಬಲ್ ಮಾಡೋಣ ಎಂದು ಬ್ರಿಟನ್ನಿನವರು ಹೇಳಿದರೆ ಅದನ್ನು ಈಗ ಚರ್ಚೆಗೆ ತೆಗೆದುಕೊಳ್ಳೋಣ ಎಂದರ್ಥ. ಅಮೆರಿಕದವರು ಹೇಳಿದರೆ ಸದ್ಯಕ್ಕೆ ಬದಿಗಿಡೋಣ ಎಂದು. ಸಭೆಯಲ್ಲಿ ಎರಡೂ ದೇಶದವರಿದ್ದರೆ, ಯಾವ ಅರ್ಥದಲ್ಲಿ ಎಂದು ಕೇಳಿಬಿಡುವುದೇ ಸರಿ.

ನಾವು ಆಡುವ ಇಂಗ್ಲಿಷ್ ಅವರಿಗೆ ಅರ್ಥವಾಗದಿದ್ದರೆ ಅದು ತಪ್ಪು ಇಂಗ್ಲಿಷೇ?

ತಪ್ಪೆನ್ನಲು ಬರುವುದಿಲ್ಲ. ‘ಔಟ್ ಆಫ್ ಸ್ಟೇಷನ್’, ‘ಕಸಿನ್ ಬ್ರದರ್’, ‘ಡು ದ ನೀಡ್‌ಫುಲ್’ ಇವೆಲ್ಲ ಭಾರತದ ಇಂಗ್ಲಿಷಿನ ಮಾತುಗಳು; ನಿಗದಿಗಿಂತ ಮೊದಲಿಗೆ ತರುವುದು ಎಂಬರ್ಥದ ‘ಪ್ರಿಪೋನ್’ ಎಂಬುದು ಆಕ್ಸ್‌ಫರ್ಡ್ ನಿಘಂಟುಗಳಲ್ಲೇ ಜಾಗ ಪಡೆದಿದೆ. ಆದರೆ ಭಾರತದ ಆಚೆಯವರ ಜೊತೆ ಆಡುವಾಗ ಕೆಲವನ್ನು ಬದಲಾಯಿಸಿಕೊಳ್ಳುವುದು ಕ್ಷೇಮ. ‘ಐ ಪಾಸ್ಡ್ ಔಟ್ ಇನ್ 2019’ ಎಂದು ನೀವು ಪದವಿ ಮುಗಿಸಿದ ವರ್ಷ ಹೇಳಿದರೆ, ಕೇಳಿದವರಿಗೆ ನೀವು ಆ ವರ್ಷ ಮೂರ್ಛೆ ಹೋಗಿದ್ದಿರಿ ಎಂದು ಅನಿಸುತ್ತದೆ, ‘ಗ್ರಾಜುಯೇಟೆಡ್’ ಎನ್ನಿ. ‘ಐ ಹ್ಯಾವ್ ಎ ಡೌಟ್’ ಎಂದರೆ ಅವರಿಗೆ ಕೇಳಿಸುವುದು, ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದು; ‘ಕ್ವೆಶ್ಚನ್’ ಎಂದರೆ ಸಾಕು.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದೂ ಅಲ್ಲ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಸ್ಲ್ಯಾಂಗಿನಲ್ಲಿ ನಮ್ಮ ಪದಗಳೇ ತುಂಬಿದ್ದವು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಸೈನಿಕರು ತಮ್ಮ ದೇಶವನ್ನು ‘ಬ್ಲೈಟಿ’ ಎನ್ನುತ್ತಿದ್ದರು, ಅದು ವಿಲಾಯತಿಯಿಂದ ಬಂದದ್ದು. ತಲೆಕೆಟ್ಟವನನ್ನು ‘ಡೂಲಾಲಿ’ ಎನ್ನುವುದು ಮಹಾರಾಷ್ಟ್ರದ ದೇವಲಾಲಿ ಸೇನಾಶಿಬಿರದ ಹೆಸರಿನಿಂದ. ನಮ್ಮ ಜಿಲ್ಲೆಗೂ ಇಂಗ್ಲಿಷಿನ ಆಡುಮಾತು ಹೊಸತಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಜಿಎಫ್‌ನಲ್ಲಿ ಗಣಿಗಾರಿಕೆ ಹಿಡಿದ ಮೇಲೆ ಅಲ್ಲಿ ಬಂಗಲೆ, ಕ್ಲಬ್ಬುಗಳ ಸಮೇತ ಇಂಗ್ಲಿಷರ ಬಡಾವಣೆಯೇ ಎದ್ದು, ಆ ಊರನ್ನು ಲಿಟಲ್ ಇಂಗ್ಲೆಂಡ್ ಎಂದು ಕರೆದರು. ಗಣಿ 2001ರಲ್ಲಿ ಮುಚ್ಚಿತು, ಆದರೂ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ ಕಡೆಯ ಹಿರಿಯರಲ್ಲಿ ಪುಸ್ತಕದಿಂದಲ್ಲದೆ ಕಿವಿಯಿಂದ ಕಲಿತ ಇಂಗ್ಲಿಷನ್ನು ಇಂದಿಗೂ ಕೇಳಬಹುದು. ತಮಿಳು, ತೆಲುಗು, ಕನ್ನಡಗಳ ನಡುವೆ ದಿನವೂ ದಾಟುತ್ತಿರುವ ಈ ಸೀಮೆಯವರಿಗೆ ಇನ್ನೊಂದು ಭಾಷೆಯ ಆಡುಮಾತಿಗೆ ಕಿವಿಗೊಡುವುದು ಕಷ್ಟವಾಗಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಚೇರಿಯ ಸಭೆಗಳಲ್ಲಿ ‘ಬಾಲ್‌ಪಾರ್ಕ್’, ‘ಕರ್ವ್‌ಬಾಲ್’ ಎಂದೆಲ್ಲ ಹೇಳುತ್ತಾರೆ. ಇವು ಎಲ್ಲಿಂದ ಬಂದವು?

ಬೇಸ್‌ಬಾಲ್ ಆಟದಿಂದ. ಆಟ ಗೊತ್ತಿಲ್ಲದಿದ್ದರೆ ಮಾತು ತಿಳಿಯುವುದು ಕಷ್ಟ, ಅದರಲ್ಲಿ ನಿಮ್ಮ ಕೊರತೆ ಏನೂ ಇಲ್ಲ. ‘ಬಾಲ್‌ಪಾರ್ಕ್ ಫಿಗರ್’ ಎಂದರೆ ಅಂದಾಜು ಲೆಕ್ಕ, ಪೈಸೆ ಸಮೇತ ಕೊಡಬೇಕಾಗಿಲ್ಲ. ‘ಕರ್ವ್‌ಬಾಲ್’ ಎಂದರೆ ನಿರೀಕ್ಷಿಸದೆ ಎರಗಿದ ತೊಡಕು. ‘ಸ್ಟೆಪ್ ಅಪ್ ಟು ದ ಪ್ಲೇಟ್’ ಎಂದರೆ ಮುಂದೆ ಬಂದು ಹೊಣೆ ಹೊರುವುದು. ಬ್ರಿಟನ್ನಿನವರು ಇದೇ ಕೆಲಸಕ್ಕೆ ಕ್ರಿಕೆಟ್ಟನ್ನು ಬಳಸುತ್ತಾರೆ, ಅಲ್ಲಿ ನಮಗೆ ಅನುಕೂಲ: ‘ಸ್ಟಿಕಿ ವಿಕೆಟ್’ ಎಂದರೆ ಇಕ್ಕಟ್ಟಿನ ಪರಿಸ್ಥಿತಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇವುಗಳ ಜೊತೆಗೆ ‘ಹೆಡ್ಸ್ ಅಪ್’ ಎಂಬುದನ್ನೂ ತಿಳಿದಿರಿ, ಅದು ಮುಂಚಿತವಾಗಿ ಕೊಡುವ ಸೂಚನೆ. ಕಚೇರಿಯ ಮಾತುಗಳ ಪಟ್ಟಿ ಅಷ್ಟೇನೂ ಉದ್ದವಿಲ್ಲ. ಗಮನವಿಟ್ಟು ಕೇಳಿದರೆ ಅವೇ ಅವೇ ತಿರುಗಿ ಬರುತ್ತಿರುತ್ತವೆ.

ರೀಲ್ಸ್‌ನಲ್ಲಿ ಬರುವ ‘ನೋ ಕ್ಯಾಪ್’, ‘ರಿಜ್’ ಮುಂತಾದವನ್ನೂ ಕಲಿಯಬೇಕೇ?

ಬೇಕಾಗಿಲ್ಲ. ‘ನೋ ಕ್ಯಾಪ್’ ಎಂದರೆ ಸುಳ್ಳಲ್ಲ ಎಂದು. ‘ರಿಜ್’ ಎಂದರೆ ಮಾತಿನಲ್ಲೇ ಮರುಳುಮಾಡುವ ಮೋಡಿ, ಅದು 2023ರಲ್ಲಿ ಆಕ್ಸ್‌ಫರ್ಡ್‌ನ ವರ್ಷದ ಪದವಾಯಿತು. ಆ ಪಟ್ಟ ಸಿಕ್ಕ ಪದಗಳೆಲ್ಲ ಉಳಿಯುತ್ತವೆ ಎಂದೇನಿಲ್ಲ. 2013ರ ‘ಸೆಲ್ಫಿ’ ಉಳಿದು ಕನ್ನಡಕ್ಕೂ ಬಂತು. 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ‘ಆಲ್ ಕರೆಕ್ಟ್’ ಎಂಬುದನ್ನು ತಮಾಷೆಗೆ ತಪ್ಪು ಕಾಗುಣಿತದಲ್ಲಿ ಬರೆದು ಮೊಟಕುಮಾಡಿದ ‘ಓಕೆ’ ಇಂದು ನಮ್ಮ ಸಂತೆಯಲ್ಲೂ ಓಡಾಡುತ್ತಿದೆ. ಯಾವುದು ನಿಲ್ಲುತ್ತದೆ ಎಂದು ಮೊದಲೇ ಹೇಳಲಾಗದ್ದರಿಂದ, ಒಂದೆರಡು ವರ್ಷ ಕಾದು ಉಳಿದದ್ದನ್ನು ಕಲಿತರೆ ಶ್ರಮ ಉಳಿಯುತ್ತದೆ. ಇವುಗಳಲ್ಲಿ ಬಹಳಷ್ಟು ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಹೊರಟವು ಎಂಬುದನ್ನೂ ನೆನಪಿಡಿ. ಅವರ ಎದುರು ಅವರದೇ ಮಾತನ್ನು ಅಣಕಿಸಿದಂತೆ ಆಡುವುದು ಒರಟುತನವಾಗುತ್ತದೆ.

ಅರ್ಥವನ್ನು ಎಲ್ಲಿ ಹುಡುಕಬೇಕು? ನೆನಪಿಡುವುದು ಹೇಗೆ?

ಮೊದಲು ಕಲಿಕಾರ್ಥಿಗಳಿಗೆಂದೇ ಮಾಡಿದ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ಆನ್‌ಲೈನ್ ನಿಘಂಟನ್ನು ನೋಡಿ. ಅವುಗಳಲ್ಲಿ ಅರ್ಥಕ್ಕಿಂತಲೂ ಪಕ್ಕದ ಗುರುತು ಮುಖ್ಯ: ಅನೌಪಚಾರಿಕ, ಸ್ಲ್ಯಾಂಗ್, ಅವಹೇಳನಕಾರಿ, ಬ್ರಿಟಿಷ್, ಅಮೆರಿಕನ್, ಹಳೆಯ ಬಳಕೆ ಎಂದು ಸೂಚಿಸಿರುತ್ತಾರೆ. ಆ ಗುರುತನ್ನು ಓದದೆ ಅರ್ಥವನ್ನಷ್ಟೇ ಎತ್ತಿಕೊಳ್ಳುವುದರಿಂದಲೇ ಮುಕ್ಕಾಲು ಎಡವಟ್ಟುಗಳು ಆಗುವುದು. ಅಲ್ಲಿ ಸಿಗದ ಹೊಸ ಪದಗಳಿಗೆ 1999ರಲ್ಲಿ ಆರಂಭವಾದ ಅರ್ಬನ್ ಡಿಕ್ಷನರಿ ಇದೆ. ಆದರೆ ಅದರಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, ಎಷ್ಟೋ ಅರ್ಥಗಳು ತಮಾಷೆಗೆ ಕಟ್ಟಿದವು, ಕೆಲವು ಅಶ್ಲೀಲ. ಅಲ್ಲಿ ಓದಿದ್ದನ್ನು ಇನ್ನೊಂದು ಕಡೆ ತಾಳೆ ನೋಡದೆ ನಂಬಬೇಡಿ, ಮಕ್ಕಳ ಕೈಗೆ ಕೊಡಲೂಬೇಡಿ.

ಪುಸ್ತಕದಲ್ಲಿ ಪದವನ್ನೂ ಅದರ ಕನ್ನಡ ಅರ್ಥವನ್ನೂ ಎದುರೆದುರು ಬರೆದಿಡುವ ಶಾಲೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಇಡೀ ವಾಕ್ಯ ಬರೆಯಿರಿ, ಅದರ ಕೆಳಗೆ ಯಾರು ಯಾರಿಗೆ ಹೇಳಿದರು, ನಗುತ್ತಿದ್ದರೇ ಸಿಡುಕುತ್ತಿದ್ದರೇ ಎಂದು ಒಂದು ಸಾಲು ಸೇರಿಸಿ. ‘ಮೈ ಬ್ಯಾಡ್. ಶಿಫ್ಟ್ ಇನ್‌ಚಾರ್ಜ್ ನನಗೆ ಹೇಳಿದ್ದು, ತಪ್ಪು ಫೈಲು ಕಳಿಸಿದ ಮೇಲೆ, ನಗುತ್ತಾ’ ಎಂದು ಒಬ್ಬಳು ಬರೆದುಕೊಂಡಿದ್ದಳು. ಸಣ್ಣ ತಪ್ಪಿಗೆ, ಸಮಾನರ ನಡುವೆ ಸಲ್ಲುವ ಕ್ಷಮೆ ಅದು, ಗ್ರಾಹಕರಿಗೆ ನಷ್ಟವಾದಾಗ ಹೇಳುವಂಥದ್ದಲ್ಲ ಎಂಬುದು ಆ ಸಾಲಿನಿಂದಲೇ ತಿಳಿಯುತ್ತದೆ.

ಚಿತ್ರ, ಧಾರಾವಾಹಿ ನೋಡುವಾಗ ಇಂಗ್ಲಿಷ್ ಮಾತಿಗೆ ಇಂಗ್ಲಿಷಿನದೇ ಸಬ್‌ಟೈಟಲ್ ಹಾಕಿಕೊಳ್ಳಿ. ಕನ್ನಡದ್ದು ಹಾಕಿದರೆ ಕಥೆ ಅರ್ಥವಾಗುತ್ತದೆ, ಕಿವಿ ಮಾತ್ರ ಕೆಲಸ ನಿಲ್ಲಿಸುತ್ತದೆ.

ಅರ್ಥವಾಗಲಿಲ್ಲ ಎಂದು ಕೇಳಿದರೆ ಕೀಳಾಗಿ ನೋಡುವುದಿಲ್ಲವೇ?

ಅರ್ಥವಾಗದೆ ತಲೆಯಾಡಿಸಿ, ಆಮೇಲೆ ಕೆಲಸ ಕೆಡಿಸಿದವರನ್ನು ಹೆಚ್ಚು ಕೀಳಾಗಿ ನೋಡುತ್ತಾರೆ. ಅದರಲ್ಲೂ ನಾವು ತಲೆಯನ್ನು ಪಕ್ಕಕ್ಕೆ ಆಡಿಸುವುದು ಹೊರಗಿನವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ, ಬಾಯಿಬಿಟ್ಟು ಹೇಳುವುದೇ ಮೇಲು. ಕೇಳುವ ರೀತಿಯಲ್ಲಿ ಮಾತ್ರ ಎಚ್ಚರವಿರಲಿ. ‘ವಾಟ್ ಡು ಯೂ ಮೀನ್’ ಎಂದು ಗಟ್ಟಿಯಾಗಿ ಕೇಳಿದರೆ, ‘ಹಾಗಂದ್ರೇನ್ರೀ’ ಎಂದು ಜಗಳಕ್ಕೆ ನಿಂತಂತೆ ಆಗುತ್ತದೆ. ‘ಸಾರಿ, ಐ ಡಿಡಂಟ್ ಕ್ಯಾಚ್ ದಟ್’ ಎಂದರೆ ಕೇಳಿಸಲಿಲ್ಲ ಎಂದಾಗುತ್ತದೆ, ಅವರು ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಾರೆ. ಪದವೇ ತಿಳಿಯದಿದ್ದರೆ, ಆ ಪದವನ್ನೇ ಹೇಳಿ ‘ದಟ್ಸ್ ಎ ನ್ಯೂ ಒನ್ ಫಾರ್ ಮಿ’ ಎನ್ನಿ. ಹೆಚ್ಚಿನವರು ಸಂತೋಷದಿಂದ ವಿವರಿಸುತ್ತಾರೆ, ತಮ್ಮೂರಿನ ಮಾತಿನ ಬಗ್ಗೆ ಹೇಳಲು ಯಾರಿಗೆ ಬೇಸರ? ಇಡೀ ಗುಂಪು ನಗುತ್ತಿರುವಾಗ ತಡೆದು ಕೇಳುವ ಅಗತ್ಯವಿಲ್ಲ, ಆಮೇಲೆ ಒಬ್ಬರನ್ನು ಕೇಳಿದರಾಯಿತು.

ಅರ್ಥವಾಗತೊಡಗಿದ ಮೇಲೆ ನಾವೂ ಬಳಸಬಹುದೇ? ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಅಂಕ ಹೆಚ್ಚುತ್ತದೆಯೇ?

ಕೇಳಿ ತಿಳಿಯುವುದು ಎಲ್ಲರಿಗೂ ಬೇಕು, ಆಡುವುದು ಎಲ್ಲರಿಗೂ ಬೇಕಿಲ್ಲ. ಒಂದು ಪದವನ್ನು ನಿಮ್ಮ ವಯಸ್ಸಿನ, ನಿಮ್ಮ ಸ್ಥಾನದ ಹಲವರ ಬಾಯಲ್ಲಿ ಕೇಳಿದ ಮೇಲಷ್ಟೇ ನೀವು ಆಡಿ. ಐವತ್ತು ದಾಟಿದ ಮ್ಯಾನೇಜರು ಹುಡುಗರ ಸ್ಲ್ಯಾಂಗ್ ಆಡಿದರೆ ಅಲ್ಲಿನವರೇ ನಗುತ್ತಾರೆ, ಇನ್ನು ನಾವು ಆಡಿದರೆ ಕೇಳಬೇಕೇ.

ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆಯಲ್ಲಿ ಏಳನೆಯ ಬ್ಯಾಂಡಿಗೆ, ಅಂದರೆ ಏಳರ ಅಂಕಮಟ್ಟಕ್ಕೆ, ಅಷ್ಟು ಸಾಮಾನ್ಯವಲ್ಲದ ಪದಗಳನ್ನೂ ನುಡಿಗಟ್ಟುಗಳನ್ನೂ ಸ್ವಲ್ಪಮಟ್ಟಿಗೆ ಬಳಸಬೇಕೆಂಬ ಮಾನದಂಡವಿದೆ, ಶೈಲಿಯ ಅರಿವನ್ನೂ ಅದು ಕೇಳುತ್ತದೆ. ಅದನ್ನೇ ಹಿಡಿದು ಕೆಲವು ಕೋಚಿಂಗ್ ಕೇಂದ್ರಗಳು ನುಡಿಗಟ್ಟುಗಳ ಪಟ್ಟಿ ಬಾಯಿಪಾಠ ಮಾಡಿಸುತ್ತವೆ. ಸಂದರ್ಭಕ್ಕೆ ಹೊಂದದ ಹಾಗೆ ತುರುಕಿದ ನುಡಿಗಟ್ಟು ಪರೀಕ್ಷಕರಿಗೆ ತಕ್ಷಣ ಕಾಣುತ್ತದೆ. ಬರವಣಿಗೆಯ ಪರೀಕ್ಷೆಯ ಪ್ರಬಂಧದಲ್ಲಂತೂ ಸ್ಲ್ಯಾಂಗ್ ಸಲ್ಲದು.

ಬೈಗುಳಗಳು?

ಅರ್ಥ ತಿಳಿದಿರಲಿ, ಬಾಯಿಗೆ ಬಾರದಿರಲಿ. ಪರಭಾಷೆಯ ಬೈಗುಳದ ಬಿಸಿ ನಮಗೆ ತಟ್ಟುವುದಿಲ್ಲ. ಆದ್ದರಿಂದಲೇ ಅದನ್ನು ಸಲೀಸಾಗಿ ಆಡಿಬಿಡುತ್ತೇವೆ, ಕೇಳಿದವರಿಗೆ ಅದು ಕನ್ನಡದ ಅತಿ ಹೊಲಸು ಮಾತಿನಷ್ಟೇ ಚುಚ್ಚುತ್ತದೆ. ಸ್ನೇಹಿತರು ತಮ್ಮೊಳಗೆ ಬೈದಾಡಿಕೊಳ್ಳುವುದನ್ನು ಕಂಡು ಹೊಸಬರು ಅನುಕರಿಸಬಾರದು. ಜನಾಂಗ, ಧರ್ಮ, ಅಂಗವೈಕಲ್ಯಗಳನ್ನು ಹೀಯಾಳಿಸುವ ಪದಗಳು ಹಾಡಿನಲ್ಲಿ ಎಷ್ಟೇ ಕೇಳಿಬಂದರೂ ಅವುಗಳಿಗೆ ವಿನಾಯಿತಿಯಿಲ್ಲ, ಕೆಲಸವನ್ನೇ ಕಳೆದುಕೊಳ್ಳಬೇಕಾದೀತು.

ನಾಳೆ ಬೆಳಗ್ಗೆ ಸಂದರ್ಶನವಿದೆ. ಇವತ್ತು ರಾತ್ರಿ ಏನು ನೋಡಿಕೊಳ್ಳಲಿ?

ಸಂದರ್ಶನ ಮಾಡುವವರು ಸ್ಲ್ಯಾಂಗ್ ಆಡುವುದು ಕಡಿಮೆ, ಸಲುಗೆಯ ಮಾತು ಆಡುತ್ತಾರೆ. ‘ವಾಕ್ ಮಿ ಥ್ರೂ ಯುವರ್ ರೆಸ್ಯೂಮೆ’ ಎಂದರೆ ಓದಿದ್ದು, ಮಾಡಿದ ಕೆಲಸ ಎಲ್ಲವನ್ನೂ ಕ್ರಮವಾಗಿ ಹೇಳಿ ಎಂದು, ಎದ್ದು ನಡೆಯಬೇಕಾದ್ದಿಲ್ಲ. ನೀವು ಒಂದು ಪ್ರಶ್ನೆ ಕೇಳಲೇ ಎಂದಾಗ ‘ಶೂಟ್’ ಎಂದರೆ ಕೇಳಿ ಎಂದು. ‘ನೋ ವರೀಸ್’ ಎಂದರೆ ಪರವಾಗಿಲ್ಲ. ಕೊನೆಯಲ್ಲಿ ‘ವಿ ವಿಲ್ ಗೆಟ್ ಬ್ಯಾಕ್ ಟು ಯೂ’ ಎನ್ನುತ್ತಾರೆ. ಅದು ಆಯ್ಕೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಸಾಮಾನ್ಯವಾಗಿ ಎಷ್ಟು ದಿನದೊಳಗೆ ತಿಳಿಸುತ್ತೀರಿ ಎಂದು ಅಲ್ಲೇ ಕೇಳಿ, ಅವರು ಹೇಳಿದ ದಿನ ದಾಟಿದ ಮೇಲೆ ಒಂದು ಮೇಲ್ ಹಾಕಿ.